ನಾಲ್ಕನೆಯ ಚಿತ್ರದ ಪುನುಗು ಬೆಕ್ಕು

ಬಾಗಿಲು ಬಡಿದವರು ಯಾರೇ ಆಗಲಿ, ತೆಗೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೈತುಂಬ ಕೆಮಿಕಲ್ಲು, ಇಕ್ಕಳದ ತುದಿಯಲ್ಲಿ ಒದ್ದೆ ಕಾಗದ, ತಲೆಯ ಮೇಲೆ ಕೆಂಪು ಬಲ್ಬು. ಆ ಕಾಗದದ ಮೇಲೆ ಎರಡು ಬರಿಗಾಲು ಮೂಡಿದ್ದವು.

"ಐದು ನಿಮಿಷ ಇರಿ, ಕೆಲಸದಲ್ಲಿದೀನಿ" ಎಂದು ಒಳಗಿನಿಂದಲೇ ಕೂಗಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ವರದರಾಜ ಮೇಷ್ಟ್ರು ತಮ್ಮದೇ ಹಿತ್ತಲಿನ ಬತ್ತಿದ ಬಾವಿಯ ತಳದಲ್ಲಿ ಸಿಕ್ಕಿ ಅಂದಿಗೆ ಮೂರು ದಿನ. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಕಾಲು ಜಾರಿ ಬಿದ್ದಿದ್ದಾರೆ ಎಂದು ಎಸ್.ಐ. ಮಹಾನಂದ ಬರೆದುಕೊಂಡು ಹೋಗಿದ್ದರು. ಬಾವಿಕಟ್ಟೆ ನನ್ನ ಸೊಂಟದ ಮಟ್ಟಕ್ಕಿದೆ. ಕಾಲು ಜಾರಿದ ಮನುಷ್ಯ ಕಟ್ಟೆ ಹತ್ತಿ ಆಚೆ ಇಳಿಯುತ್ತಾನೆಯೇ ಎಂದು ನಾನು ಕೇಳಿದ್ದಕ್ಕೆ, ಸಾಕ್ಷಿ ಇದ್ದರೆ ತನ್ನಿ ಮೇಡಂ, ಮಾತು ಬೇಡ ಅಂದಿದ್ದರು. ಸಾಕ್ಷಿ ಈಗ ನನ್ನ ಇಕ್ಕಳದಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

ಆ ಬೆಳಿಗ್ಗೆಯೇ ನರ್ಸಿಂಗ್ ಹೋಮಿನ ಡಾಕ್ಟರು ಒಂದು ಮಾತು ಹೇಳಿದ್ದರು. ತಲೆಯ ಊತ ಇಳಿಯುತ್ತಿದೆ, ನಾಳೆ ಹೊತ್ತಿಗೆ ಮೇಷ್ಟ್ರು ಕಣ್ಣು ಬಿಟ್ಟು ಮಾತಾಡಬಹುದು. ಎಲ್ಲರೂ ದೇವರಿಗೆ ಕೈಮುಗಿದರು, ನಾನು ಬೆವೆತೆ. ನಾಳೆ ಮೇಷ್ಟ್ರು ಬಾಯಿ ಬಿಡುತ್ತಾರೆ ಎಂದರೆ, ಅವರನ್ನು ಬಾವಿಗೆ ತಳ್ಳಿದವರಿಗೆ ಉಳಿದದ್ದು ಈ ಒಂದೇ ರಾತ್ರಿ.

ತೊಂಬತ್ತೇಳರ ಜನವರಿ ಅದು, ಧನುರ್ಮಾಸ. ನನ್ನ ಸ್ಟುಡಿಯೋ ಇರುವುದು ಗಾಂಧಿಬಜಾರಿನ ಹಿಂದಿನ ಗಲ್ಲಿಯಲ್ಲಿ. ಊರೆಲ್ಲ ಬಣ್ಣದ ಫಿಲ್ಮಿಗೆ ತಿರುಗಿದ ಮೇಲೂ ಕಪ್ಪು-ಬಿಳುಪು ಫಿಲ್ಮನ್ನು ಕೈಯಲ್ಲೇ ತೊಳೆಯುವ ಹುಚ್ಚಿ ಆ ಸುತ್ತಿನಲ್ಲಿ ನಾನೊಬ್ಬಳೇ. ಹುಚ್ಚು ಹಿಡಿಸಿದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ನನಗೆ ಜೀವಶಾಸ್ತ್ರ ಹೇಳಿಕೊಟ್ಟವರು. ಮದುವೆ ಮಾಡಿಕೊಳ್ಳಲಿಲ್ಲ. ಅಕ್ಕ ಭಾಗೀರಥಮ್ಮ ಗಂಡ ತೀರಿಕೊಂಡ ಮೇಲೆ ಮಗ ಸಂಕರ್ಷಣನನ್ನು ಕರೆದುಕೊಂಡು ತಮ್ಮನ ಮನೆಗೇ ಬಂದು ನೆಲೆಸಿದರು.

ಮೇಷ್ಟ್ರಿಗೆ ರಿಟೈರಾದ ಮೇಲೆ ಇದ್ದ ಚಟ ಒಂದೇ. ಹಿತ್ತಲಿಗೆ ರಾತ್ರಿ ಬರುವ ಪ್ರಾಣಿಗಳ ಫೋಟೋ ತೆಗೆಯುವುದು. ಚಳಿಗಾಲವೇ ಅದಕ್ಕೆ ಕಾಲ. ಮಳೆಯ ಕಾಟವಿಲ್ಲ, ಕ್ಯಾಮೆರಾ ರಾತ್ರಿಯಿಡೀ ಹೊರಗಿಡಬಹುದು. ಸಪೋಟ ಹಣ್ಣಾಗಿ ಉದುರುತ್ತದೆ, ಅದರ ವಾಸನೆಗೆ ಪುನುಗು ಬೆಕ್ಕು ಬರುತ್ತದೆ. ನೆಲದಿಂದ ಗೇಣೆತ್ತರಕ್ಕೆ ಕಪ್ಪು ದಾರ ಕಟ್ಟುತ್ತಿದ್ದರು. ಪ್ರಾಣಿ ದಾರಕ್ಕೆ ತಾಗಿದರೆ ಕ್ಯಾಮೆರಾದ ಗುಂಡಿ ತಾನಾಗಿ ಒತ್ತಿಕೊಂಡು ಫ್ಲ್ಯಾಶು ಹೊಡೆಯುತ್ತದೆ. ಹೊತ್ತು ಗೊತ್ತಾಗಲೆಂದು ಚಿತ್ರದ ಮೂಲೆಗೆ ಬರುವಂತೆ ಒಂದು ಅಲಾರಂ ಗಡಿಯಾರ. ಹಳೆಯ ಕ್ಯಾಮೆರಾ, ಎಲ್ಲ ಕೈಯಲ್ಲೇ ಆಗಬೇಕು. ಚಳಿಗಾಲ ಬಂತೆಂದರೆ ನಮ್ಮನೆಯಲ್ಲಿ ನಿದ್ದೆಗೆ ರಜ ಎಂದು ಭಾಗೀರಥಮ್ಮ ಬೈಯುತ್ತಿದ್ದರು. ಬೈಯುತ್ತಲೇ ತಮ್ಮನ ಜೊತೆ ಎದ್ದು ಓಡಾಡುತ್ತಿದ್ದರು.

ಮೇಷ್ಟ್ರು ಸಿಕ್ಕ ಬೆಳಿಗ್ಗೆ ಜನ ಸೇರಿದಾಗ ಕ್ಯಾಮೆರಾವನ್ನು ಯಾರೂ ಗಮನಿಸಲಿಲ್ಲ. ತುಳಿದು ಹಾಳು ಮಾಡಿಯಾರೆಂದು ನಾನೇ ಬಿಚ್ಚಿಕೊಂಡು ಬಂದೆ. ಮಧ್ಯಾಹ್ನವೇ ಭಾಗೀರಥಮ್ಮ, ಅವನ ಕ್ಯಾಮೆರಾ ಎಲ್ಲಿ ಹೋಯಿತೆಂದು ಹುಡುಕಾಡಿದರಂತೆ. ನನ್ನ ಬಳಿಯಿದೆ ಎಂದು ತಿಳಿದ ಮೇಲೆ, ತೊಳೆದ ಕೂಡಲೇ ಮೊದಲು ನನಗೇ ತೋರಿಸು ಶಿವಕುಮಾರಿ, ಅವನ ಕಣ್ಣು ಅದು ಅಂದರು. ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಆಸ್ಪತ್ರೆಯ ಓಡಾಟದಲ್ಲಿ ತೊಳೆಯಲು ಮೂರು ದಿನ ಹಿಡಿದ ಆ ರೀಲಿನಲ್ಲಿ ಇದ್ದದ್ದು ನಾಲ್ಕೇ ಚಿತ್ರ.

ಮೊದಲನೆಯದು ತಾರೀಕು ಬರೆದ ಸ್ಲೇಟು. ಎರಡನೆಯದರಲ್ಲಿ ಒಂದು ಪುನುಗು ಬೆಕ್ಕು, ಬಾಯಲ್ಲಿ ಸಪೋಟ, ಗಡಿಯಾರದಲ್ಲಿ ಹತ್ತು ನಲವತ್ತು. ಮೇಷ್ಟ್ರ ನೋಟ್‌ಬುಕ್ಕಿನಲ್ಲೂ ಆ ಹೊತ್ತು ಬರೆದಿತ್ತು. ಅದೇ ಅವರ ಕೊನೆಯ ಬರಹ.

ಮೂರನೆಯದು ಈ ಕಾಲು. ಎರಡು ಹತ್ತು. ಬರಿಗಾಲು, ಕಾಲ ಗಂಟಿನ ಮೇಲೆ ಬಿಳಿ ಬಟ್ಟೆಯ ಅಂಚು, ಅಷ್ಟೇ. ಮೇಷ್ಟ್ರಲ್ಲ, ಚಳಿಗಾಲದ ರಾತ್ರಿ ಅವರು ಪ್ಯಾಂಟು, ಕ್ಯಾನ್ವಾಸ್ ಶೂ ಇಲ್ಲದೆ ಹೊಸ್ತಿಲು ದಾಟುವವರಲ್ಲ. ಬಾವಿಯಲ್ಲಿ ಸಿಕ್ಕಾಗಲೂ ಅದೇ ಶೂ ಕಾಲಲ್ಲಿತ್ತು. ಈ ಬೆರಳುಗಳು ತಿರುಗಿದ್ದು ಮನೆಯ ಕಡೆಗೆ, ಹಿಮ್ಮಡಿ ಬಾವಿಯ ಕಡೆಗೆ.

ನಾಲ್ಕನೆಯದನ್ನು ನೋಡಿ ಮಾತ್ರ ನಾನು ಭಯವನ್ನೂ ಮರೆತೆ. ನಾಲ್ಕು ಇಪ್ಪತ್ತೈದಕ್ಕೆ ತಾಯಿ ಪುನುಗು, ಹಿಂದೆ ಎರಡು ಮರಿ, ಒಂದರ ಮೂತಿ ತಾಯಿಯ ಬಾಲಕ್ಕೆ ತಾಗಿದೆ. ಹನ್ನೊಂದು ಚಳಿಗಾಲದಿಂದ ಮೇಷ್ಟ್ರು ಈ ಚಿತ್ರಕ್ಕೇ ಕಾದಿದ್ದರು. ಕೊನೆಗೆ ಅದು ಬಿದ್ದದ್ದು ಅವರು ಬಾವಿಯ ತಳದಲ್ಲಿ ಮೂಳೆ ಮುರಿದುಕೊಂಡು ಮಲಗಿದ್ದ ಹೊತ್ತಿನಲ್ಲಿ. ಕಣ್ಣೊರೆಸಿಕೊಂಡು ಅದನ್ನು ಒಣಗಲು ತೂಗುಹಾಕಿ ಮತ್ತೆ ಕಾಲಿನ ಚಿತ್ರಕ್ಕೆ ಬಂದೆ.

ಭೂತಗನ್ನಡಿ ಹಿಡಿದು ನೋಡಿದೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಎರಡು ಪಾದದಲ್ಲೂ ಹಾಗೆಯೇ.

ಕೈ ಒರೆಸಿಕೊಂಡು ಬಾಗಿಲು ತೆಗೆದೆ. ಬೆಂಚಿನ ಮೇಲೆ ಸಂಕರ್ಷಣ ಕೂತಿದ್ದರು. ಮೇಷ್ಟ್ರ ಸೋದರಳಿಯ, ನಲವತ್ತರ ಹತ್ತಿರ, ಬ್ಯಾಂಕಿನಲ್ಲಿ ಗುಮಾಸ್ತ. ಬಿಳಿ ಪಂಚೆ, ಮೇಲೊಂದು ಸ್ವೆಟರು. ಧೂಳಾಗುತ್ತದೆ ಎಂದು ನನ್ನ ಸ್ಟುಡಿಯೋದಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಡಬೇಕು. ಅವರೂ ಬಿಟ್ಟಿದ್ದರು.

ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಿತ್ತು.

"ಅಮ್ಮ ಕಳಿಸಿದ್ರು" ಅಂದರು. "ಫಿಲ್ಮು, ಫೋಟೋ ಏನಿದ್ರೂ ಇಸ್ಕೊಂಡು ಬಾ ಅಂದ್ರು. ಏನಾದ್ರೂ ಬಿದ್ದಿದೆಯಾ ಅದ್ರಲ್ಲಿ?"

ಇನ್ನೂ ಒಣಗಿಲ್ಲ ಅಂದೆ. ನಾಲಿಗೆ ಒಣಗಿತ್ತು. ಮೇಷ್ಟ್ರು ಬಿದ್ದ ರಾತ್ರಿ ಬ್ಯಾಂಕಿನ ಟ್ರೈನಿಂಗಿಗೆಂದು ಮೈಸೂರಿನಲ್ಲಿದ್ದೆ ಎಂದು ಈ ಮನುಷ್ಯ ಪೊಲೀಸರಿಗೆ ಹೇಳಿದ್ದರು. ಅವತ್ತಿನಿಂದ ರಾತ್ರಿ ಹೊತ್ತು ಮೇಷ್ಟ್ರ ಹಾಸಿಗೆಯ ಪಕ್ಕ ಮಲಗುತ್ತಿದ್ದವರೂ ಇವರೇ.

ಕತ್ತಲ ಕೋಣೆಗೆ ಬೀಗ ಹಾಕಿ, ಟೀಗೆ ಸಕ್ಕರೆ ತರುತ್ತೇನೆಂದು ನೆಪ ಹೇಳಿ ಪಕ್ಕದ ಎಸ್.ಟಿ.ಡಿ. ಬೂತಿಗೆ ನುಗ್ಗಿದೆ. ಮಹಾನಂದ ಅವರು ಬೆರಳಿನ ವಿಷಯ ಕೇಳಿ ನಕ್ಕರು. ಬೆಂಗಳೂರಿನಲ್ಲಿ ಅಂಥ ಕಾಲು ಸಾವಿರ ಸಿಗುತ್ತವಂತೆ. ಮೇಷ್ಟ್ರ ಮನೆ ಕೆಡವಿ ಫ್ಲ್ಯಾಟ್ ಕಟ್ಟಬೇಕೆಂದು ವರ್ಷದಿಂದ ಬೆನ್ನುಬಿದ್ದಿದ್ದ ಕಂಟ್ರಾಕ್ಟರ್ ಮಾಯಣ್ಣನ ಮೇಲೆ ಅವರಿಗೆ ಕಣ್ಣಿತ್ತು. ಮಾಯಣ್ಣ ಬೂಟು ಬಿಚ್ಚದೆ ತುಳಸಿಯ ಪಕ್ಕ ನಡೆದು ಭಾಗೀರಥಮ್ಮನವರಿಂದ ಬೈಸಿಕೊಂಡದ್ದನ್ನು ನಾನೇ ಕಂಡಿದ್ದೇನೆ, ಇದು ಆ ಜಾತಿಯ ಕಾಲಲ್ಲ ಅಂದೆ. ಹೊರಗಿನವನಾದರೆ ಬಾವಿಯಿಂದ ನೇರ ಹಿಂದಿನ ಗೋಡೆ ಹಾರುತ್ತಿದ್ದ, ಮನೆಯ ಕಡೆಗೆ ಅವನಿಗೇನು ಕೆಲಸ ಎಂದೂ ಕೇಳಿದೆ. ಸರಿ, ಈಗ ಏನು ಮಾಡಬೇಕು ಹೇಳಿ ಅಂದರು.

ನಾನು ಕೇಳಿಕೊಂಡದ್ದು ಒಂದೇ. ಈ ರಾತ್ರಿ ಸಂಕರ್ಷಣನನ್ನು ಆ ರೂಮಿಗೆ ಬಿಡಬೇಡಿ, ಭಾಗೀರಥಮ್ಮನವರೊಬ್ಬರೇ ಇರಲಿ, ಬೇರೆ ಒಂದು ಹುಳವೂ ಒಳಗೆ ಹೋಗಬಾರದು. ಅವರು ಒಪ್ಪಿದರು. ನರ್ಸಿಂಗ್ ಹೋಮಿಗೆ ತಾವೇ ಫೋನ್ ಮಾಡುತ್ತೇನೆ, ಏಳು ಗಂಟೆಗೆ ಮೇಷ್ಟ್ರ ಮನೆಗೆ ಬರುತ್ತೇನೆ ಅಂದರು.

ಆಮೇಲೆ ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಭಾಗೀರಥಮ್ಮನವರನ್ನು ಕರೆಸಿ ಧೈರ್ಯ ಹೇಳಿದೆ. ಚಿತ್ರದಲ್ಲಿ ಯಾರದೋ ಕಾಲು ಬಿದ್ದಿದೆ, ನೀವು ಮಾತ್ರ ತಮ್ಮನನ್ನು ಬಿಟ್ಟು ಅಲ್ಲಾಡಬೇಡಿ ಅಂದೆ.

"ಮುಖ ಬಿದ್ದಿಲ್ವಾ?" ಎಂದು ಕೇಳಿದರು.

ಇಲ್ಲ ಅಂದೆ. ನಾನೆಲ್ಲಿಗೆ ಹೋಗಲಿ, ಇಲ್ಲೇ ಇರ್ತೀನಿ ಎಂದು ಫೋನ್ ಇಟ್ಟರು. ಪಾಪ, ಮಗನೇ ಇರಬಹುದೆಂದು ಈ ತಾಯಿಗೆ ಹೇಗೆ ಹೇಳಲಿ ಅಂದುಕೊಂಡೆ.

ಈಗ ನನಗೆ ಬೇಕಾಗಿದ್ದದ್ದು ಮಹಾನಂದ ನಗಲಾಗದಂಥ ಸಾಕ್ಷಿ.

ಮೇಷ್ಟ್ರ ಹಿತ್ತಲನ್ನು ನೀವು ಕಣ್ಣಮುಂದೆ ತಂದುಕೊಳ್ಳಬೇಕು. ಅಡುಗೆಮನೆಯ ಬಾಗಿಲಿನಿಂದ ನಾಲ್ಕು ಹೆಜ್ಜೆಗೆ ತುಳಸಿಕಟ್ಟೆ. ಅದರ ಎಡಬಲಕ್ಕೆ ದಾರಿ ಕವಲೊಡೆದು, ಹಿಂದೆ ಮತ್ತೆ ಕೂಡಿ, ಸಪೋಟ ಮರದ ಕೆಳಗೆ ಹಾಯ್ದು ಬಾವಿಗೆ ಹೋಗುತ್ತದೆ. ಭಾಗೀರಥಮ್ಮನವರ ಮನೆಯಲ್ಲಿ ತುಳಸಿಯನ್ನು ಎಡಕ್ಕೆ ಬಿಟ್ಟು ನಡೆಯುವಂತಿಲ್ಲ, ಚಪ್ಪಲಿ ಹಾಕಿಕೊಂಡೂ ನಡೆಯುವಂತಿಲ್ಲ. ಶೂ ಹಾಕಿಕೊಳ್ಳುವ ತಮ್ಮನನ್ನಂತೂ ನಿತ್ಯ ಬೈಯುತ್ತಿದ್ದರು. ಹೋಗುವಾಗ ಒಗೆಯುವ ಕಲ್ಲಿನ ಕಡೆಯಿಂದ, ಬರುವಾಗ ಕರಿಬೇವಿನ ಗಿಡದ ಕಡೆಯಿಂದ. ಎರಡು ಸಲವೂ ತುಳಸಿ ಬಲಗೈಗೇ ಇರಬೇಕು. ಮೂವತ್ತೈದು ವರ್ಷ ಹಾಗೆ ನಡೆದು ನಡೆದು ಎರಡೂ ಕಡೆ ಮಣ್ಣು ಗಟ್ಟಿಯಾಗಿದೆ. ಬಾವಿ ಬತ್ತಿದ ಮೇಲೂ ಆ ಕಾಲಿನ ರೂಢಿ ಬತ್ತಲಿಲ್ಲ.

ಮೇಷ್ಟ್ರು ದಾರ ಕಟ್ಟಿದ್ದು ಕರಿಬೇವಿನ ಕಡೆಗೆ.

ಆ ಹಾದಿಯಲ್ಲಿ ದಾರ ತುಳಿದವರು ಬಾವಿಯಿಂದ ಮನೆಗೆ ಬರುತ್ತಿದ್ದವರು, ತುಳಸಿಯನ್ನು ಬಲಕ್ಕಿಟ್ಟುಕೊಂಡವರು, ಬರಿಗಾಲಿನವರು. ಒಬ್ಬ ಮನುಷ್ಯನನ್ನು ಬಾವಿಗೆ ತಳ್ಳಿ ಬರುವಾಗಲೂ ಪ್ರದಕ್ಷಿಣೆ ತಪ್ಪಿಸದವರು. ಸಂಕರ್ಷಣ ಹಾಗೆಯೇ ನಡೆಯುತ್ತಾರೆಯೇ ಎಂದು ನೋಡಬೇಕಿತ್ತು. ಅವರನ್ನು ನಡೆಸಿ, ಅದೇ ದಾರ ತುಳಿಸಿ, ಆಗ ಅವರ ಮುಖ ನೋಡಬೇಕಿತ್ತು.

ಇನ್ನೊಂದು ಚಿತ್ರ ತೆಗೆಯೋಣ, ಮೇಷ್ಟ್ರು ಎದ್ದಾಗ ತೋರಿಸೋಣ, ದಾರ ಕಟ್ಟಲು ಸಹಾಯಕ್ಕೆ ಬನ್ನಿ ಎಂದು ಕರೆದೆ. ಅವರು ಹಿಂದೆಮುಂದೆ ನೋಡಿದರು. ಆಮೇಲೆ ಅಮ್ಮನ ಸ್ವೆಟರೂ ತರಬೇಕು, ನಡೀರಿ ಅಂದರು.

ಆರು ಗಂಟೆ ದಾಟಿ ಕಾಲುಗಂಟೆಗೆ ಮನೆ ಸೇರಿದೆವು. ಚಳಿಗೆ ಬೀದಿಯ ಮಕ್ಕಳೂ ಒಳಗೆ ಸೇರಿದ್ದರು. ಒಳಗೆ ಬಂದವರೇ ಸಂಕರ್ಷಣ ಮುಂಬಾಗಿಲಿನ ಅಗುಳಿ ಹಾಕಿದರು. ಮಹಾನಂದ ಬರಲು ಮುಕ್ಕಾಲು ಗಂಟೆಯಿತ್ತು.

ದಿನಕ್ಕೆ ಎಂಟು ಗಂಟೆ ಕತ್ತಲ ಕೋಣೆಯಲ್ಲಿ ಕೆಲಸ ಮಾಡುವವಳು ನಾನು. ಬಾಗಿಲು ಹಾಕಿದ ಕತ್ತಲಿಗೆ ಹೆದರುವವಳಲ್ಲ. ಬಯಲ ಕತ್ತಲು ಮಾತ್ರ ನನಗಾಗದು. ಅದರಲ್ಲಿ ಏನಿದೆ, ಎಷ್ಟು ದೂರದಲ್ಲಿದೆ ಎಂದು ಕೈಗೆ ಸಿಗುವುದಿಲ್ಲ. ಪಕ್ಕದ ಮನೆಯ ಬಾದಾಮಿ ಮರಕ್ಕೆ ಬಾವಲಿಗಳು ಬರತೊಡಗಿದ್ದವು. ಬಾವಿಯ ಆಚೆ ಗೋಡೆಯ ಮೇಲೆ ಗೂಬೆಯೊಂದು ಕರಕರ ಹಲ್ಲು ಕಡಿದಂತೆ ಸದ್ದು ಮಾಡಿತು. ಮೇಷ್ಟ್ರು ಪಕ್ಕದಲ್ಲಿದ್ದರೆ ಅದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದರು. ಈಗ ಪಕ್ಕದಲ್ಲಿದ್ದದ್ದು ಸಂಕರ್ಷಣ.

ಕರಿಬೇವಿನ ಹತ್ತಿರ ಕ್ಯಾಮೆರಾ ನಿಲ್ಲಿಸಿ ದಾರ ಕಟ್ಟಿದೆ. ಅವರು ಫ್ಲ್ಯಾಶಿನ ವೈರು ಎಲ್ಲಿಗೆ ಸಿಕ್ಕಿಸುವುದೆಂದು ಕೇಳಿದಾಗ ನಾಟಕ ಅಂದುಕೊಂಡೆ. ಸಪೋಟದ ತಟ್ಟೆಯನ್ನು ಬಾವಿಕಟ್ಟೆಯ ಕೆಳಗಿಟ್ಟು ಬನ್ನಿ ಎಂದು ಕೈಗೆ ಕೊಟ್ಟೆ. ಅವರು ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರು. ನಾನು ಹೇಳದೆಯೇ ಒಗೆಯುವ ಕಲ್ಲಿನ ಕಡೆಯಿಂದ ಹೋದರು. ಬಿಳಿ ಪಂಚೆ ಸಪೋಟದ ನೆರಳಲ್ಲಿ ಮರೆಯಾಯಿತು.

ಬಾವಿಯ ಕಡೆಯಿಂದ ತಟ್ಟೆ ಕಲ್ಲಿಗೆ ತಾಗಿದ ಸದ್ದು. ಆಮೇಲೆ ಏನೂ ಇಲ್ಲ. ಎಣಿಸುತ್ತ ನಿಂತೆ. ಇಪ್ಪತ್ತಾಯಿತು, ಮೂವತ್ತಾಯಿತು. ಬರುತ್ತಿಲ್ಲವೇಕೆ ಎಂದು ಒಂದು ಹೆಜ್ಜೆ ಮುಂದಿಡುವಷ್ಟರಲ್ಲಿ ಒಣ ಎಲೆ ಸರಸರ ಅಂದಿತು. ಕರಿಬೇವಿನ ಕಡೆಯಿಂದ. ತುಳಸಿ ಬಲಕ್ಕೆ.

ಫ್ಲ್ಯಾಶು ಹೊಡೆಯಿತು. ಒಂದು ಕ್ಷಣ ಹಿತ್ತಲೆಲ್ಲ ಬೆಳ್ಳಗಾಗಿ ಅವರ ಮುಖ, ಹಿಂದಿನ ಬಾವಿಕಟ್ಟೆ, ಎರಡೂ ಒಟ್ಟಿಗೆ ಕಂಡವು. ಬೆಚ್ಚಿಬಿದ್ದ ಮುಖ.

"ಮೊನ್ನೆಯೂ ಹೀಗೇ ಬಂದ್ರಾ?" ಎಂದು ಕೇಳಿದೆ. ಸೆರಗಿನೊಳಗಿಂದ ಚಿತ್ರ ತೆಗೆದು ಟಾರ್ಚು ಬಿಟ್ಟೆ.

ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಕಿರುಚಿದರೆ ಪಕ್ಕದ ಮನೆಗೆ ಕೇಳೀತೇ ಎಂದು ಲೆಕ್ಕ ಹಾಕಿದೆ. ಅವರ ಟೀವಿಯ ಸದ್ದು ಇಲ್ಲಿಗೇ ಕೇಳುತ್ತಿತ್ತು.

"ಇದು ನಾನು ಅಂತೀರಾ?"

"ಬೆರಳು ನೋಡ್ಕೊಳ್ಳಿ."

ನೋಡಿಕೊಂಡರು. ಮುಖದ ಬಣ್ಣ ಇಳಿಯಿತು. ಮೈಸೂರಿನ ಮಾತು ಸುಳ್ಳು ಎಂದು ಅವರೇ ಬಾಯಿಬಿಟ್ಟರು. ಆ ರಾತ್ರಿ ಅವರಿದ್ದದ್ದು ತ್ಯಾಗರಾಜನಗರದಲ್ಲಿ, ಮಾಯಣ್ಣನ ಮನೆಯಲ್ಲಿ. ಫ್ಲ್ಯಾಟಿನ ನಕ್ಷೆ ನೋಡಲು ಹೋಗಿ, ಊಟ ಮಾಡಿ, ಹೊತ್ತಾಯಿತೆಂದು ಅಲ್ಲೇ ಮಲಗಿದ್ದರಂತೆ. ಮಾಯಣ್ಣನ ಮನೆಯವರೆಲ್ಲ ಸಾಕ್ಷಿ. ಸಾಕಿ ಸಲಹಿದ ಮಾವನ ಬೆನ್ನ ಹಿಂದೆ ಅವನ ಮನೆ ಕೆಡವುವ ಮಾತಿಗೆ ಹೋಗಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ ಎಂದು ಕೇಳಿದರು.

"ನನಗೇನು ಬೇಕಿರ್ಲಿಲ್ಲ" ಅಂದರು. "ಅಮ್ಮಂಗೆ ಬೇಕಿತ್ತು. ಮೂರನೇ ಮಹಡೀಲಿ ಒಂದು ಮನೆ. ಗೂಬೆ ಕೂಗು ಕೇಳಿಸ್ಬಾರ್ದು, ಎಲೆ ಗುಡಿಸ್ಬಾರ್ದು, ನಲ್ಲೀಲಿ ನೀರು ಬರ್ಬೇಕು. ಮಾವ ಒಂದು ಮರಾನೂ ಕಡಿಯೋಕೆ ಬಿಡಲ್ಲ ಅಂದ್ರು. ತಾವು ಹೋದ ಮೇಲೂ ಹಿತ್ತಲು ಹೀಗೇ ಇರ್ಬೇಕು ಅಂತ ವಿಲ್ ಬರೆಸ್ತೀನಿ ಅಂದ್ರು. ಹೋದ ವಾರ ಅದೇ ಜಗಳ."

ನಾನು ನಂಬಲಿಲ್ಲ. ಮಾಯಣ್ಣನ ಸಾಕ್ಷಿಗೆ ಮೂರು ಕಾಸಿನ ಬೆಲೆಯಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದೆ. ಹೆದರಿದಾಗ ನನ್ನ ನಾಲಿಗೆ ಇನ್ನಷ್ಟು ಹರಿತವಾಗುತ್ತದೆ.

ಅವರಿಗೆ ರೇಗಿತು. ಸಾಧು ಮನುಷ್ಯ ರೇಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಳತೆ ಮಾಡಿ ನೋಡಿ ಹಾಗಾದ್ರೆ. ನನ್ನ ಕಾಲೂ ತೆಗೀರಿ, ಗಡಿಯಾರ ಪಕ್ಕಕ್ಕಿಟ್ಟು ತೆಗೀರಿ. ಎರಡನ್ನೂ ಪೊಲೀಸರಿಗೆ ಕೊಡಿ" ಎನ್ನುತ್ತ ಎರಡು ಹೆಜ್ಜೆ ಹಿಂದೆ ಹೋಗಿ, ಬೇಕೆಂದೇ ದಾರವನ್ನು ತುಳಿದರು.

ಏನೂ ಆಗಲಿಲ್ಲ. ಮತ್ತೊಮ್ಮೆ ಜೋರಾಗಿ ತುಳಿದರು. ಫ್ಲ್ಯಾಶು ಹೊಡೆಯಲಿಲ್ಲ. ಕ್ಯಾಮೆರಾದ ಕಡೆ ಬಗ್ಗಿ, ಅದನ್ನು ಹೇಗೆ ಮುಟ್ಟುವುದೆಂದು ತಿಳಿಯದೆ ಕೈ ಹಿಂದಕ್ಕೆಳೆದುಕೊಂಡರು.

"ಇದು ಕೆಟ್ಟೋಗಿದೆ."

"ಕೆಟ್ಟಿಲ್ಲ. ಒಂದ್ಸಲ ಹೊಡೆದ ಮೇಲೆ ಲಿವರ್ ತಿರುಗಿಸದೆ ಎರಡನೇ ಸಲ ಹೇಗೆ..."

ನನ್ನ ಮಾತು ಅಲ್ಲಿಗೇ ನಿಂತಿತು.

ಮಾತಾಡುತ್ತಿದ್ದಂತೆಯೇ ನನ್ನ ಕೈ ಹೋಗಿ ಲಿವರ್ ತಿರುಗಿಸಿಬಿಟ್ಟಿತ್ತು. ನಾನು ಹೇಳಿದ್ದಲ್ಲ, ಯೋಚಿಸಿದ್ದಲ್ಲ. ಹೊಡೆದು ನಿಂತ ಕ್ಯಾಮೆರಾ ಕಂಡರೆ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ, ಅಷ್ಟು ವರ್ಷದ ರೂಢಿ. ರೀಲು ಮುಂದೆ ಸರಿಯಲು ಒಂದು ಚಿತ್ರಕ್ಕೆ ಒಂದು ಸಲ ತಿರುಗಿಸಬೇಕು. ತಿರುಗಿಸದಿದ್ದರೆ ಬೆಳಗಿನವರೆಗೆ ಆನೆ ಬಂದು ದಾರ ತುಳಿದರೂ ಮುಂದಿನ ಚಿತ್ರವಿಲ್ಲ.

ಎರಡು ಹತ್ತಕ್ಕೆ ಆ ಕಾಲು ದಾರ ತುಳಿದಿತ್ತು. ನಾಲ್ಕು ಇಪ್ಪತ್ತೈದಕ್ಕೆ ತಾಯಿ ಪುನುಗು, ಎರಡು ಮರಿ. ಅದೇ ರೀಲು, ನಾಲ್ಕನೆಯ ಚಿತ್ರ.

ನಡುವೆ ಲಿವರ್ ತಿರುಗಿಸಿದವರು ಯಾರು?

ಮೇಷ್ಟ್ರಲ್ಲ, ಅವರು ಬಾವಿಯಲ್ಲಿದ್ದರು. ನಾನಲ್ಲ, ಎನ್.ಆರ್. ಕಾಲೋನಿಯ ನನ್ನ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಮಾಯಣ್ಣನಿಗೆ ಕ್ಯಾಮೆರಾದ ಮುಂದು ಹಿಂದು ಗೊತ್ತಿಲ್ಲ. ಎದುರಿಗಿರುವ ಈ ಮನುಷ್ಯನಿಗೂ ಗೊತ್ತಿಲ್ಲ, ಈಗ ತಾನೇ ನನ್ನ ಕಣ್ಣೆದುರೇ ಕಂಡೆ. ಆ ರಾತ್ರಿ ದಾರ ತುಳಿದವರಿಗೆ ಫ್ಲ್ಯಾಶು ಹೊಡೆದ ಕೂಡಲೇ ಕೈ ತಾನಾಗಿ ಹೋಗಿದೆ. ಮಾಡಿದ ಕೆಲಸ ಎಂಥದ್ದೇ ಇರಲಿ, ರೂಢಿಯ ಕೈ ತನ್ನ ಕೆಲಸ ಮಾಡಿಬಿಟ್ಟಿದೆ. ಅದರಿಂದಲೇ ಮೇಷ್ಟ್ರ ಹನ್ನೊಂದು ವರ್ಷದ ಆಸೆಯ ಚಿತ್ರ ಬಿದ್ದಿದೆ.

"ಸಂಕರ್ಷಣ" ಅಂದೆ. "ಈ ಲಿವರ್ ತಿರುಗಿಸೋದು ಮನೇಲಿ ಇನ್ಯಾರಿಗೆ ಗೊತ್ತು?"

ಗೂಬೆ ಇನ್ನೊಮ್ಮೆ ಹಲ್ಲು ಕಡಿಯಿತು.

"ಅಮ್ಮಂಗೆ" ಅಂದರು. "ಮಾವಂಗೆ ಕೆಮ್ಮು ಅಂತ ಫ್ಲ್ಯಾಶು ಬಿದ್ದಾಗೆಲ್ಲ ಎದ್ದು ಹೋಗಿ ತಿರುಗಿಸಿ ಬರೋರು ಅಮ್ಮನೇ. ಅರ್ಧ ನಿದ್ದೇಲೇ ಹೋಗ್ಬರ್ತಾರೆ. ಬೆಳಿಗ್ಗೆ ಕೇಳಿದ್ರೆ ಎಷ್ಟು ಸಲ ಎದ್ದೆ ಅಂತ ಅವರಿಗೇ ನೆನಪಿರಲ್ಲ."

ಬಿಳಿ ಅಂಚು ಪಂಚೆಯದೇ ಎಂದು ನಾನೇಕೆ ಅಂದುಕೊಂಡೆ? ಭಾಗೀರಥಮ್ಮ ಉಡುವುದು ಬಿಳಿ ನೂಲಿನ ಸೀರೆ. ಮಗನ ಪಾದಕ್ಕೆ ಆ ಬೆರಳು ಬಂದದ್ದಾದರೂ ಎಲ್ಲಿಂದ? ತೊಳೆದ ಕೂಡಲೇ ನನಗೇ ತೋರಿಸು ಅಂದದ್ದು, ಮಗನನ್ನು ಫಿಲ್ಮಿಗೆ ಅಟ್ಟಿದ್ದು, ಮುಖ ಬಿದ್ದಿಲ್ವಾ ಎಂದು ಕೇಳಿದ್ದು, ಒಂದೊಂದೂ ಈಗ ತಲೆಗೆ ಬಂದು ಹೊಡೆಯಿತು.

ಅವರನ್ನು ಮೇಷ್ಟ್ರ ಪಕ್ಕ ಕೂರಿಸಿದವಳು ನಾನು. ಬೇರೆ ಒಂದು ಹುಳವೂ ಒಳಗೆ ಹೋಗದಂತೆ ಪೊಲೀಸರಿಂದ ಕಟ್ಟುಮಾಡಿಸಿದವಳೂ ನಾನೇ.

ಅಡುಗೆಮನೆ ದಾಟಿ ನಡುಮನೆಗೆ ಓಡಿದೆ. ಕತ್ತಲಲ್ಲಿ ಮೊಣಕಾಲು ಯಾವುದಕ್ಕೋ ಬಡಿಯಿತು. ಫೋನು ಕಿಟಕಿಯ ಪಕ್ಕದ ಸ್ಟೂಲಿನ ಮೇಲಿತ್ತು. ಎರಡು ಸಲ ತಪ್ಪು ನಂಬರು ತಿರುಗಿಸಿದೆ. ಮೂರನೇ ಸಲಕ್ಕೆ ನರ್ಸಿಂಗ್ ಹೋಮಿನ ನರ್ಸಮ್ಮ ಸಿಕ್ಕಳು. ಆರನೇ ನಂಬರಿನ ರೂಮಿಗೆ ಈಗಲೇ ಹೋಗಿ ನೋಡಿ ಅಂದೆ.

"ಅಜ್ಜಿ ಒಳಗಿಂದ ಚಿಲಕ ಹಾಕ್ಕೊಂಡಿದಾರೆ ಮೇಡಂ" ಅಂದಳು ಆಕೆ. "ಜಪಕ್ಕೆ ಕೂರ್ತೀನಿ, ಅರ್ಧ ಗಂಟೆ ಯಾರೂ ಕೂಗ್ಬೇಡಿ ಅಂದ್ರು. ಯಾರನ್ನೂ ಬಿಡ್ಬೇಡಿ ಅಂತ ಸ್ಟೇಷನ್ನಿಂದಾನೂ ಫೋನ್ ಬಂದಿತ್ತಲ್ಲ."

ಬಾಗಿಲು ಒಡೆಸಿ ಎಂದು ಹೇಳಲು ಬಾಯಿ ತೆರೆದೆ.

ನನ್ನ ಭುಜದ ಮೇಲಿನಿಂದ ಒಂದು ಕೈ ಬಂತು. ಎರಡು ಬೆರಳು ಫೋನಿನ ಗುಂಡಿಯನ್ನು ನಿಧಾನವಾಗಿ ಕೆಳಗೊತ್ತಿ ಹಿಡಿದವು. ಲೈನು ಸತ್ತಿತು.

"ಶಿವಕುಮಾರಿ" ಎಂದರು ಸಂಕರ್ಷಣ. ಅಳುತ್ತಿದ್ದರು. ಬೆರಳು ಮಾತ್ರ ತೆಗೆಯಲಿಲ್ಲ. "ಅದು ನಮ್ಮಮ್ಮ."